ಕೆನ್ಯಾದವರ ಹಾಗೆ ಓಡಬೇಕಾ, ಜಪಾನಿನವರ ಹಾಗಾ?

ಪ್ರಶ್ನೆ: ನಾನು ಕಾಸರಗೋಡಿನ ಪೆರ್ಲ ಕಡೆಯವನು. ವಯಸ್ಸು 43. ಅಡಿಕೆ ತೋಟ ಇದೆ. ರಕ್ತದಲ್ಲಿ ಸಕ್ಕರೆ ಗಡಿಯ ಹತ್ತಿರ ಬಂದಿದೆ ಎಂದು ಡಾಕ್ಟ್ರು ಹೇಳಿದ ಮೇಲೆ ಬೆಳಗ್ಗೆ ಓಡಲು ಶುರು ಮಾಡಿದೆ. ಒಬ್ಬನೇ ಓಡುವುದು. ಮೊಬೈಲಿನಲ್ಲಿ ವಿಡಿಯೋ ನೋಡಿ ನೋಡಿ ಈಗ ತಲೆ ಕೆಟ್ಟಿದೆ. ಒಬ್ಬರು ಕೆನ್ಯಾದವರ ಹಾಗೆ ಓಡಿ ಎನ್ನುತ್ತಾರೆ. ಇನ್ನೊಬ್ಬರು ಜಪಾನಿನ ನಿಧಾನ ಓಟವೇ ಒಳ್ಳೆಯದು ಎನ್ನುತ್ತಾರೆ. ಮೆಕ್ಸಿಕೋದ ಬುಡಕಟ್ಟಿನವರ ಹಾಗೆ ಬರಿಗಾಲಲ್ಲಿ ಓಡಿ ಎನ್ನುವವರೂ ಇದ್ದಾರೆ. ನಮ್ಮೂರಿನಲ್ಲಿ ದಾರಿಯಲ್ಲಿ ಸಿಕ್ಕವರು "ಎಂತ ಆಯ್ತು ಮಾರಾಯ್ರೇ, ಯಾಕೆ ಓಡುದು?" ಎಂದು ಕೇಳುತ್ತಾರೆ. ನಿಜವಾಗಿ ಯಾವ ದೇಶದ ಕ್ರಮ ನಮಗೆ ಆಗಿಬರುತ್ತದೆ? ನಮ್ಮಲ್ಲಿ ಓಟ ಎಂಬುದೇ ಇರಲಿಲ್ಲವಾ? ಮಗಳು ಒಂಬತ್ತನೇ ಕ್ಲಾಸು. ಕುಂಬಳೆ ಉಪಜಿಲ್ಲೆಯ ಕ್ರೀಡಾಕೂಟದಲ್ಲಿ 800 ಮೀಟರ್ ಓಡಿದ್ದಾಳೆ. ಅವಳಿಗೇನು ಹೇಳಲಿ?

ಉತ್ತರ: ಮೊದಲು ಚುಟುಕಾಗಿ ಹೇಳಿಬಿಡುತ್ತೇನೆ, ಮಿಕ್ಕದ್ದನ್ನು ಪುರುಸೊತ್ತಾದಾಗ ಓದಿ. ಬರಿಗಾಲು ಬೇಡ. ವೇಗ ಕಡಿಮೆ ಮಾಡಿ, ನಾಚಿಕೆ ಆಗುವಷ್ಟು ಕಡಿಮೆ. ಜೊತೆಗೆ ಒಬ್ಬರನ್ನಾದರೂ ಹುಡುಕಿಕೊಳ್ಳಿ.

ಮೂರನೆಯದು ನಿಮಗೆ ಸಣ್ಣ ಮಾತು ಅನ್ನಿಸಬಹುದು. ನನ್ನ ಪ್ರಕಾರ ಅದೇ ದೊಡ್ಡದು. ಓಟ ಗಟ್ಟಿಯಾಗಿ ಬೇರೂರಿರುವ ಊರುಗಳನ್ನು ನೋಡಿದರೆ ಊಟ ಬೇರೆ, ಚಪ್ಪಲಿ ಬೇರೆ, ಹವೆ ಬೇರೆ. ಒಂದು ಮಾತ್ರ ಹೆಚ್ಚುಕಡಿಮೆ ಎಲ್ಲ ಕಡೆ ಸಿಗುತ್ತದೆ. ಅಲ್ಲಿ ಓಟ ಒಬ್ಬಂಟಿ ಕೆಲಸ ಅಲ್ಲ. ಪಕ್ಕದಲ್ಲಿ ಯಾರೋ ಇರುತ್ತಾರೆ, ಇಲ್ಲದಿದ್ದರೆ ಮುಂದೆ ಯಾರೋ ಕಾಯುತ್ತಿರುತ್ತಾರೆ. ವಿಡಿಯೋದವರು ಇದನ್ನು ತೋರಿಸುವುದಿಲ್ಲ. ಶೂ ತೋರಿಸುತ್ತಾರೆ, ಪುಡಿ ತೋರಿಸುತ್ತಾರೆ. ಮಾರಲಿಕ್ಕೆ ಆಗುವುದು ಅದೇ ಅಲ್ವಾ.

ಕೆನ್ಯಾದಿಂದ ಶುರು ಮಾಡೋಣ. ಅಲ್ಲಿ ಇಟೆನ್ ಎಂಬ ಸಣ್ಣ ಪೇಟೆ ಇದೆ, ಸುಮಾರು 2400 ಮೀಟರ್ ಎತ್ತರದಲ್ಲಿ. ನಮ್ಮ ಜಿಲ್ಲೆಯ ರಾಣಿಪುರ ಗುಡ್ಡದ ತುದಿ ಹತ್ತಿದರೂ ಅದರ ಅರ್ಧ ಎತ್ತರ ಆಗುವುದಿಲ್ಲ. ಅಷ್ಟು ಮೇಲೆ ಗಾಳಿ ತೆಳು. ಅಲ್ಲೇ ಹುಟ್ಟಿ ಬೆಳೆದವರ ದೇಹ ಕಡಿಮೆ ಆಮ್ಲಜನಕದಲ್ಲಿ ದುಡಿಯುವುದಕ್ಕೆ ಒಗ್ಗಿರುತ್ತದೆ. ಇಟೆನ್ ಸುತ್ತಮುತ್ತ ಕಲೆಂಜಿನ್ ಜನ ಜಾಸ್ತಿ. ಕೆನ್ಯಾದ ಹೆಸರಾಂತ ದೂರದ ಓಟಗಾರರಲ್ಲಿ ಹೆಚ್ಚಿನವರು ಇವರೇ. 1968ರ ಮೆಕ್ಸಿಕೋ ಸಿಟಿ ಒಲಿಂಪಿಕ್ಸ್‌ನಲ್ಲಿ 1500 ಮೀಟರ್ ಚಿನ್ನ ಗೆದ್ದ ಕಿಪ್ ಕೈನೊ ಇದೇ ಜನಾಂಗದವರು. 1976ರಲ್ಲಿ ಐರ್ಲೆಂಡಿನಿಂದ ಕೋಲ್ಮ್ ಓ'ಕಾನಲ್ ಎಂಬ ಪಾದ್ರಿಸಂಘದ ಬ್ರದರ್ ಒಬ್ಬರು ಇಟೆನ್‌ನ ಸೇಂಟ್ ಪ್ಯಾಟ್ರಿಕ್ಸ್ ಶಾಲೆಗೆ ಭೂಗೋಳ ಪಾಠ ಮಾಡಲು ಬಂದರು. ಓಟದ ತರಬೇತಿಯ ಗಂಧಗಾಳಿ ಇಲ್ಲದ ಮೇಷ್ಟ್ರು. ಮಕ್ಕಳು ಓಡುವುದನ್ನು ನೋಡುತ್ತಾ ನೋಡುತ್ತಾ ಕಲಿತರು. 800 ಮೀಟರ್‌ನಲ್ಲಿ ಎರಡು ಒಲಿಂಪಿಕ್ ಚಿನ್ನ ಗೆದ್ದ ಡೇವಿಡ್ ರುದಿಶಾ ಅವರ ಗರಡಿಯಲ್ಲಿ ಬೆಳೆದವರು.

ಎತ್ತರ, ಮೈಕಟ್ಟು ಇವೆಲ್ಲ ನಿಮಗೆ ಸಿಗುವಂಥದ್ದಲ್ಲ, ಬಿಟ್ಟುಬಿಡಿ. ಸಿಗುವಂಥದ್ದು ಎರಡು ಇವೆ. ಒಂದು, ನಿಧಾನ. ಅಲ್ಲಿನ ಓಟಗಾರ ಎಲಿಯುಡ್ ಕಿಪ್ಚೊಗೆ 2022ರಲ್ಲಿ ಬರ್ಲಿನ್ ಮ್ಯಾರಥಾನನ್ನು, ಅಂದರೆ 42 ಕಿಲೋಮೀಟರ್ ಚಿಲ್ಲರೆ ದೂರವನ್ನು, 2 ಗಂಟೆ 1 ನಿಮಿಷ 9 ಸೆಕೆಂಡಿನಲ್ಲಿ ಮುಗಿಸಿದರು. ಲೆಕ್ಕ ಹಾಕಿದರೆ ಒಂದು ಕಿಲೋಮೀಟರಿಗೆ 2 ನಿಮಿಷ 52 ಸೆಕೆಂಡ್ ಬರುತ್ತದೆ. ನೀವೂ ನಾನೂ ಆ ವೇಗದಲ್ಲಿ ಒಂದು ಫರ್ಲಾಂಗ್ ಕೂಡ ಓಡಲಾರೆವು. ಆದರೆ ಅಲ್ಲಿನ ದೊಡ್ಡ ದೊಡ್ಡ ಓಟಗಾರರು ಸುಲಭ ಓಟದ ದಿನ ಹೊರಟಾಗ ಕಿಲೋಮೀಟರಿಗೆ 5 ನಿಮಿಷಕ್ಕೂ ಜಾಸ್ತಿ ತಗೊಳ್ಳುತ್ತಾರೆ. ಕಾಲೆಳೆದುಕೊಂಡು, ಮಾತಾಡುತ್ತಾ ಹೋಗುತ್ತಾರೆ. ಹೊರಗಿನಿಂದ ಬಂದವರಿಗೆ ಇದು ನಂಬಲಿಕ್ಕೇ ಆಗುವುದಿಲ್ಲ. ನಮ್ಮಲ್ಲಿ ಇದರ ಉಲ್ಟಾ. ಹೊಸಬರು ದಿನಾ ಏದುಸಿರು ಬರುವ ಹಾಗೆ ಓಡುತ್ತಾರೆ, ತಿಂಗಳೊಳಗೆ ಮೊಣಕಾಲು ಹಿಡಿದುಕೊಂಡು ಕೂರುತ್ತಾರೆ. ಇಟೆನ್‌ನಲ್ಲಿ ಕಷ್ಟದ ದಿನ ನಿಜವಾಗಿಯೂ ಕಷ್ಟ, ಸುಲಭದ ದಿನ ನಿಜವಾಗಿಯೂ ಸುಲಭ.

ಎರಡನೆಯದು ಗುಂಪು. ಕಪ್ತಗಾಟ್ ಎಂಬಲ್ಲಿ ಕಿಪ್ಚೊಗೆ ತರಬೇತಿ ಪಡೆದ ಶಿಬಿರ ಇದೆ. ಕೋಚ್ ಪ್ಯಾಟ್ರಿಕ್ ಸಾಂಗ್, ಅವರೂ ಒಲಿಂಪಿಕ್ ಬೆಳ್ಳಿ ಗೆದ್ದವರು. ಕೋಟಿಗಟ್ಟಲೆ ದುಡ್ಡಿದ್ದರೂ ಕಿಪ್ಚೊಗೆ ವಾರವಿಡೀ ಅಲ್ಲೇ ಉಳಿದು, ಸರದಿ ಬಂದಾಗ ಕಕ್ಕಸು ತೊಳೆದು, ಕೋಣೆ ಹಂಚಿಕೊಂಡು ಇರುತ್ತಿದ್ದರು. 2019ರ ಅಕ್ಟೋಬರ್ 12ರಂದು ವಿಯೆನ್ನಾದಲ್ಲಿ ಅವರು ಮ್ಯಾರಥಾನ್ ದೂರವನ್ನು 1 ಗಂಟೆ 59 ನಿಮಿಷ 40 ಸೆಕೆಂಡಿನಲ್ಲಿ ಓಡಿದರಲ್ಲ, ಆಗ ಅವರ ಸುತ್ತ ಸರದಿಯಂತೆ ಓಡುತ್ತಾ ಗಾಳಿ ತಡೆದವರು 41 ಮಂದಿ. ಹಾಗಾಗಿಯೇ ಅದು ಅಧಿಕೃತ ದಾಖಲೆ ಆಗಲಿಲ್ಲ. ನನಗಂತೂ ಅಲ್ಲಿ ನೆನಪಿನಲ್ಲಿ ಉಳಿದದ್ದು ಆ 41 ಮಂದಿ.

ಇನ್ನೊಂದು ಮಾತನ್ನೂ ಹೇಳಬೇಕು. ಕೆನ್ಯಾದ ಓಟ ಬಡತನದಿಂದ ಹೊರಬರುವ ದಾರಿ ಕೂಡ. ವಿದೇಶದಲ್ಲಿ ಒಂದು ದೊಡ್ಡ ಓಟ ಗೆದ್ದರೆ ಊರಿನಲ್ಲಿ ಜಾಗ, ಹಸು, ಕಟ್ಟಡ. ಹಾಗಾಗಿ ಅಲ್ಲಿ ಡೋಪಿಂಗಿನ ಹಾವಳಿಯೂ ಇದೆ, ಹಲವರು ನಿಷೇಧಕ್ಕೆ ಒಳಗಾಗಿದ್ದಾರೆ. ದಿನಕ್ಕೆ ಎರಡು ಸಲ ಓಡಿ, ನಡುವೆ ಮಲಗಿ ಎದ್ದು ಚಹಾ ಕುಡಿಯುವ ಅವರ ದಿನಚರಿ ಅವರ ಹೊಟ್ಟೆಪಾಡಿನದ್ದು. ಬೆಳಗ್ಗೆ ಓಡಿ ಬಂದು ತೋಟಕ್ಕೆ ನೀರು ಬಿಡಬೇಕಾದ ನಿಮಗೆ ಅದನ್ನು ಹೊಂದಿಸಲು ಹೋಗಬೇಡಿ.

ಇಥಿಯೋಪಿಯಾದ್ದು ಇನ್ನೂ ಚಂದ. ರಾಜಧಾನಿ ಅಡಿಸ್ ಅಬಾಬಾದ ಮೇಲಿನ ಎಂಟೋಟೊ ಗುಡ್ಡದಲ್ಲಿ ನೀಲಗಿರಿ ಮರದ ಕಾಡು. ಅಲ್ಲಿ ಓಟಗಾರರು ಸಾಲಾಗಿ, ಒಬ್ಬರ ಹಿಂದೆ ಒಬ್ಬರು, ಮರಗಳ ನಡುವೆ ಅಂಕುಡೊಂಕಾಗಿ ಓಡುತ್ತಾರೆ. ಹಿಂದಿನವರು ಮುಂದಿನವರ ಕಾಲನ್ನೇ ನೋಡುತ್ತಾ, ಅವರ ಹೆಜ್ಜೆಗೆ ಹೆಜ್ಜೆ ಹಾಕಬೇಕು. ಮುಂದೆ ಇರುವವರ ಕೆಲಸ ಬೇರೆಯವರಿಗೂ ವೇಗ ಹಿಡಿದುಕೊಡುವುದು. ಒಬ್ಬರೇ ಓಡಿದರೆ ಅದು ಬರೀ ಆರೋಗ್ಯಕ್ಕೆ, ಓಟಗಾರ ಆಗಬೇಕಿದ್ದರೆ ಇನ್ನೊಬ್ಬರ ಕಾಲು ಬೇಕು ಎಂದು ಅವರ ನಂಬಿಕೆ. ಕದ್ದುಮುಚ್ಚಿ ಒಬ್ಬರೇ ಓಡುವವರನ್ನು ಸ್ವಲ್ಪ ಸ್ವಾರ್ಥಿ ಎಂದೇ ನೋಡುತ್ತಾರೆ.

ಆ ದೇಶದ ಬೆಕೋಜಿ ಎಂಬ ಸಣ್ಣ ಊರಿನ ಬಗ್ಗೆ ಹೇಳದಿದ್ದರೆ ಈ ಉತ್ತರ ಪೂರ್ತಿ ಆಗುವುದಿಲ್ಲ. ಅಲ್ಲಿ ಸೆಂಟಾಯೆಹು ಎಷೆಟು ಎಂಬ ಒಬ್ಬ ಡ್ರಿಲ್ ಮಾಸ್ಟ್ರು. ಡೆರಾರ್ಟು ತುಲು, ಕೆನೆನಿಸಾ ಬೆಕೆಲೆ, ತಿರುನೇಶ್ ದಿಬಾಬಾ ಮೂವರೂ ಅದೇ ಊರಿನ ಕಡೆಯವರು. ಮೂವರೂ ಒಲಿಂಪಿಕ್ ಚಿನ್ನ ಗೆದ್ದವರು. 1992ರಲ್ಲಿ ಬಾರ್ಸಿಲೋನಾದಲ್ಲಿ 10,000 ಮೀಟರ್ ಗೆದ್ದ ಡೆರಾರ್ಟು ತುಲು, ಒಲಿಂಪಿಕ್ ಚಿನ್ನ ಗೆದ್ದ ಮೊದಲ ಕಪ್ಪು ಆಫ್ರಿಕನ್ ಮಹಿಳೆ. ಎರಡನೇ ಸ್ಥಾನ ಬಂದದ್ದು ದಕ್ಷಿಣ ಆಫ್ರಿಕಾದ ಬಿಳಿಯ ಓಟಗಾರ್ತಿ ಎಲಾನಾ ಮೆಯರ್. ವರ್ಣಭೇದದ ಕಾರಣ ಹೊರಗಿಟ್ಟಿದ್ದ ಆ ದೇಶ ಒಲಿಂಪಿಕ್ಸ್‌ಗೆ ಮರಳಿದ ವರ್ಷ ಅದು. ಇಬ್ಬರೂ ಕೈ ಹಿಡಿದುಕೊಂಡು ಮೈದಾನಕ್ಕೆ ಸುತ್ತು ಬಂದರು. ಒಂದು ಸಣ್ಣ ಊರು, ಮಕ್ಕಳನ್ನು ಬೆಳಗ್ಗೆ ಎಬ್ಬಿಸಿ ಮೈದಾನಕ್ಕೆ ಕರೆದುಕೊಂಡು ಬರುವ ಒಬ್ಬ ಮಾಸ್ಟ್ರು. ಇಂಥ ಮಾಸ್ಟ್ರುಗಳು ಬದಿಯಡ್ಕದಲ್ಲೂ ಮುಳ್ಳೇರಿಯಾದಲ್ಲೂ ಇದ್ದಾರೆ. ಅವರಿಗೆ ಶಾಲೆಯ ಲೆಕ್ಕಪತ್ರದ ಕೆಲಸ ಕಡಿಮೆ ಕೊಟ್ಟರೆ ಎಷ್ಟೋ ಚಂದ ಇತ್ತು.

ಬರಿಗಾಲಿನ ವಿಷಯ ಬಂದಾಗೆಲ್ಲ ಜನ ಅಬೆಬೆ ಬಿಕಿಲಾನ ಹೆಸರು ಹೇಳುತ್ತಾರೆ. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಬರಿಗಾಲಲ್ಲಿ ಮ್ಯಾರಥಾನ್ ಗೆದ್ದ ಇಥಿಯೋಪಿಯಾದವರು. ನಿಜವೇ. ಸಿಕ್ಕಿದ ಶೂ ಕಾಲಿಗೆ ಸರಿ ಕೂರಲಿಲ್ಲ, ಬರಿಗಾಲು ಅಭ್ಯಾಸ ಇತ್ತು, ಓಡಿದರು. ನಾಲ್ಕು ವರ್ಷ ಬಿಟ್ಟು ಟೋಕಿಯೋದಲ್ಲಿ ಅವರು ಮತ್ತೆ ಗೆದ್ದರು, ಮೂರು ನಿಮಿಷ ಬೇಗ. ಅದೂ ಅಪೆಂಡಿಕ್ಸ್ ಆಪರೇಷನ್ ಆಗಿ ಕೆಲವೇ ವಾರಗಳಲ್ಲಿ. ಆ ಸಲ ಕಾಲಲ್ಲಿ ಶೂ ಇತ್ತು! ಈ ಎರಡನೇ ಭಾಗವನ್ನು ವಿಡಿಯೋದವರು ಸುಮ್ನೆ ನುಂಗಿಬಿಡುತ್ತಾರೆ.

ಇನ್ನು ಮೆಕ್ಸಿಕೋದವರು. ಚಿಹುವಾಹುವಾ ರಾಜ್ಯದ ಆಳ ಕಣಿವೆಗಳಲ್ಲಿ ಇರುವ ಈ ಜನ ತಮ್ಮನ್ನು ರರಾಮುರಿ ಎಂದು ಕರೆದುಕೊಳ್ಳುತ್ತಾರೆ. ಹೊರಗಿನವರು ತರಹುಮಾರಾ ಎನ್ನುತ್ತಾರೆ. ಮೊದಲನೆಯದಾಗಿ, ಅವರು ಬರಿಗಾಲಲ್ಲಿ ಓಡುವುದಿಲ್ಲ. ಹಳೆ ಟಯರು ಕತ್ತರಿಸಿ, ದಾರ ಕಟ್ಟಿ ಮಾಡಿದ ಚಪ್ಪಲಿ ಹಾಕುತ್ತಾರೆ. 1993ರಲ್ಲಿ ಅಮೆರಿಕದ ಲೆಡ್‌ವಿಲ್‌ನಲ್ಲಿ 100 ಮೈಲಿಯ ಗುಡ್ಡದ ಓಟವನ್ನು 55 ವರ್ಷದ ವಿಕ್ಟೋರಿಯಾನೊ ಚುರ್ರೊ ಗೆದ್ದಾಗ ಅವರ ಹೆಸರು ಎಲ್ಲ ಕಡೆ ಹಬ್ಬಿತು. ಅಲ್ಲಿಂದ ಒಂದು ಕಥೆ ಹುಟ್ಟಿತು, ಈ ಜನಕ್ಕೆ ಓಟ ಹುಟ್ಟಿನಿಂದಲೇ ಬಂದದ್ದು, ಅವರಿಗೆ ಸುಸ್ತೇ ಇಲ್ಲ ಅಂತ. ಓಟದ ಅಂಗರಚನೆ ಅಧ್ಯಯನ ಮಾಡುವ ಡೇನಿಯಲ್ ಲೀಬರ್‌ಮನ್ ಮತ್ತು ಜೊತೆಯವರು 2020ರಲ್ಲಿ ಬರೆದ ಲೇಖನದಲ್ಲಿ ಈ ಕಥೆಯನ್ನು ಒಪ್ಪುವುದಿಲ್ಲ. ರರಾಮುರಿಗಳಿಗೂ ನೋವಾಗುತ್ತದೆ, ದಣಿವಾಗುತ್ತದೆ. ಅವರ ತಾಕತ್ತು ದಿನವಿಡೀ ಗುಡ್ಡ ಹತ್ತಿಳಿಯುವ, ಆಡು ಕಾಯುವ, ರಾತ್ರಿಯಿಡೀ ಕುಣಿಯುವ ಬದುಕಿನಿಂದ ಬಂದದ್ದು.

ಅವರ ಓಟ ನೋಡಿದರೆ ನಮ್ಮ ಊರಿನ ಜಾತ್ರೆಯ ಹಾಗೇ. ಎರಡು ತಂಡ. ಒಂದೊಂದು ತಂಡಕ್ಕೂ ಒಂದು ಮರದ ಚೆಂಡು. ಅದನ್ನು ಕಾಲಿನಿಂದ ಮುಂದಕ್ಕೆ ಎಸೆಯುತ್ತಾ, ಓಡುತ್ತಾ, ಹುಡುಕುತ್ತಾ, ಮತ್ತೆ ಎಸೆಯುತ್ತಾ ಗಂಟೆಗಟ್ಟಲೆ ಹೋಗುವುದು. ಕತ್ತಲಾದರೆ ಊರಿನವರು ಸೂಟೆ ಹಿಡಿದು ಜೊತೆಗೆ ಓಡುತ್ತಾರೆ. ಬಾಜಿ ಕಟ್ಟುತ್ತಾರೆ, ಬಟ್ಟೆ, ದುಡ್ಡು, ಆಡು. ಜೋಳದ ಹೆಂಡವೂ ಇರುತ್ತದೆ. ಹೆಂಗಸರದ್ದು ಬೇರೆಯೇ ಓಟ, ಬಳೆಯಂಥ ಸಣ್ಣ ಚಕ್ರವನ್ನು ಕೋಲಿನಿಂದ ಎಸೆದು ಓಡುವುದು. ಅದರಲ್ಲಿ ಪ್ರಾರ್ಥನೆಯೂ ಇದೆ. ಈ ಸಂತೆಯನ್ನೆಲ್ಲ ಬಿಟ್ಟು ಚಪ್ಪಲಿ ಮಾತ್ರ ತಂದರೆ ಏನು ಪ್ರಯೋಜನ? ಅಲ್ಲದೆ ನಿಮಗೆ ಸಕ್ಕರೆ ಗಡಿಯಲ್ಲಿದೆ. ಸಕ್ಕರೆ ಜಾಸ್ತಿ ಆದವರ ಪಾದದಲ್ಲಿ ಸ್ಪರ್ಶ ಮೆಲ್ಲನೆ ಕಡಿಮೆ ಆಗುತ್ತದೆ, ಗಾಯ ಬೇಗ ಒಣಗುವುದಿಲ್ಲ. ಮುರಕಲ್ಲಿನ ಜಲ್ಲಿ, ಮುಳ್ಳು, ಮಳೆಗಾಲದಲ್ಲಿ ಮಣ್ಣಿನಿಂದ ಹತ್ತುವ ಕೊಕ್ಕೆಹುಳ. ಬರಿಗಾಲು ಬೇಡ ಎಂದು ನಾನು ಮೊದಲೇ ಹೇಳಿದ್ದು ಇದಕ್ಕೇ.

ಅಮೆರಿಕದ ನವಾಹೊ ಜನರಲ್ಲಿ ಹುಡುಗಿ ದೊಡ್ಡವಳಾದಾಗ ಕಿನಾಲ್ಡಾ ಎಂಬ ಆಚರಣೆ ಮಾಡುತ್ತಾರೆ. ಅವಳು ದಿನಾ ನಸುಕಿನಲ್ಲಿ ಪೂರ್ವಕ್ಕೆ ಓಡಬೇಕು, ಪ್ರತಿ ಸಲ ಹಿಂದಿಗಿಂತ ಸ್ವಲ್ಪ ದೂರ. ಮನೆಮಂದಿ, ಮಕ್ಕಳು ಹಿಂದಿನಿಂದ ಓಡುತ್ತಾರೆ. ನಮ್ಮಲ್ಲಿ ಅದೇ ವಯಸ್ಸಿಗೆ ಹುಡುಗಿಯರಿಗೆ ಓಡಬೇಡ ಎನ್ನುತ್ತೇವೆ. ಬ್ರೆಜಿಲ್‌ನ ಷವಾಂಟೆ, ಕ್ರಾಹೊ ಜನರು ತಾಳೆ ಜಾತಿಯ ಮರದ ದಿಮ್ಮಿಯನ್ನು ಹೆಗಲ ಮೇಲೆ ಹೊತ್ತು ಓಡುತ್ತಾರೆ. ಒಬ್ಬರ ಹೆಗಲಿನಿಂದ ಇನ್ನೊಬ್ಬರ ಹೆಗಲಿಗೆ ದಾಟಿಸುತ್ತಾ ಹೋಗುವುದು.

ದಾಟಿಸುವುದು ಎಂದಾಗ ಜಪಾನಿಗೆ ಬರಬೇಕು. ಅಲ್ಲಿ ಎಕಿಡೆನ್ ಎಂಬ ದೂರದ ರಿಲೇ ಇದೆ. ಮೊದಲನೆಯದು 1917ರಲ್ಲಿ ಕ್ಯೋಟೊದಿಂದ ಟೋಕಿಯೋಗೆ, ಐನೂರಕ್ಕೂ ಜಾಸ್ತಿ ಕಿಲೋಮೀಟರ್, ಹಗಲೂ ರಾತ್ರಿ ಓಡಿದ್ದು. ಹಳೆಯ ಹೆದ್ದಾರಿಯ ಠಾಣೆಯಿಂದ ಠಾಣೆಗೆ ಸುದ್ದಿ ಮುಟ್ಟಿಸುತ್ತಿದ್ದ ಕ್ರಮವನ್ನು ನೆನಪಿಸಿ ಮಾಡಿದ ಓಟ. ಈಗ ಎಲ್ಲಕ್ಕಿಂತ ಹೆಸರಾದದ್ದು ಹಕೋನೆ ಎಕಿಡೆನ್, 1920ರಲ್ಲಿ ಶುರುವಾದದ್ದು. ಪ್ರತಿವರ್ಷ ಜನವರಿ 2 ಮತ್ತು 3. ಕಾಲೇಜು ಹುಡುಗರು, ತಂಡಕ್ಕೆ ಹತ್ತು ಮಂದಿ, ಟೋಕಿಯೋದಿಂದ ಹಕೋನೆ ಗುಡ್ಡದ ತನಕ ಹೋಗಿ ಮರುದಿನ ವಾಪಸು. ಒಬ್ಬೊಬ್ಬರು ಸುಮಾರು 20 ಕಿಲೋಮೀಟರ್. ಐದನೆಯವನಿಗೆ ಪೂರ್ತಿ ಚಡವು, 800 ಮೀಟರಿಗೂ ಹೆಚ್ಚು ಏರಬೇಕು. ಹೊಸವರ್ಷದ ರಜೆಯಲ್ಲಿ ಇಡೀ ದೇಶ ಟಿವಿ ಮುಂದೆ ಕೂತು ನೋಡುತ್ತದೆ.

ಅವರು ಕೋಲು ದಾಟಿಸುವುದಿಲ್ಲ. ತಸುಕಿ ಎಂಬ ಬಟ್ಟೆಪಟ್ಟಿಯನ್ನು ಹೆಗಲಿಗೆ ಅಡ್ಡ ಹಾಕಿಕೊಂಡು ಓಡಿ, ಮುಂದಿನವರ ಕೈಗೆ ಕೊಡುತ್ತಾರೆ. ಹಿಂದಿನವರ ಬೆವರು ಅದರಲ್ಲೇ ಇರುತ್ತದೆ. ಒಂದು ತಂಡ ತೀರಾ ಹಿಂದೆ ಬಿದ್ದರೆ ಅಧಿಕಾರಿಗಳು ಕಾಯುವುದಿಲ್ಲ. ಮುಂದಿನ ಹುಡುಗನನ್ನು ಬೇರೆ ಪಟ್ಟಿ ಕೊಟ್ಟು ಓಡಿಸಿಬಿಡುತ್ತಾರೆ. ಹಿಂದಿನಿಂದ ಬಂದವನು ತನ್ನ ಕಾಲೇಜಿನ ಪಟ್ಟಿ ಕೈಯಲ್ಲಿ ಹಿಡಿದು ಬಂದಾಗ ತಗೊಳ್ಳುವವರೇ ಇರುವುದಿಲ್ಲ. ಅಲ್ಲೇ ಕುಸಿದು ಅಳುತ್ತಾನೆ. ಸೋಲಿಗಿಂತ ದೊಡ್ಡ ನೋವು ಅದು. ಇದರಲ್ಲಿ ಒಂದು ತೊಂದರೆಯೂ ಇದೆ. ತಂಡಕ್ಕಾಗಿ ಎಂದು ಗಾಯ ಮುಚ್ಚಿಟ್ಟು ಓಡುವವರು, ಇಪ್ಪತ್ತೆರಡಕ್ಕೇ ದಣಿದು ಹೋಗುವವರು ಇದ್ದಾರೆ. ಹಕೋನೆಯ ಮೇಲೆ ಜಪಾನಿನಲ್ಲೇ ಈ ಟೀಕೆ ಇದೆ, ನನಗೂ ಅದು ಸರಿ ಅನ್ನಿಸುತ್ತದೆ.

ಹಕೋನೆ ಓಟ ಶುರುವಾಗಲು ಕಾರಣರಾದ ಶಿಜೊ ಕನಕುರಿಯ ಕಥೆ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್ ಮ್ಯಾರಥಾನಿನಲ್ಲಿ ವಿಪರೀತ ಸೆಕೆ. ದಾರಿಯಲ್ಲಿ ಸುಸ್ತಾಗಿ ಒಂದು ಮನೆಯವರ ತೋಟಕ್ಕೆ ಹೋದರು, ಅವರು ಕೊಟ್ಟದ್ದನ್ನು ಕುಡಿದು ಸುಧಾರಿಸಿಕೊಂಡರು, ನಾಚಿಕೆಯಿಂದ ಯಾರಿಗೂ ಹೇಳದೆ ಊರಿಗೆ ಹೋದರು. ಸ್ವೀಡನ್ನಿನವರ ದಾಖಲೆಯಲ್ಲಿ ಆಸಾಮಿ ಕಾಣೆ! 1967ರಲ್ಲಿ ಅವರನ್ನು ಕರೆಸಿ ಓಟ ಮುಗಿಸಿ ಎಂದರು. ಮುಗಿಸಿದರು. ಹಿಡಿದ ಸಮಯ 54 ವರ್ಷ, 8 ತಿಂಗಳು, 6 ದಿನ, ಮೇಲೆ ಐದೂವರೆ ಗಂಟೆ.

ನೀವು ಕೇಳಿದ ಜಪಾನಿನ ನಿಧಾನ ಓಟ ಇದಲ್ಲ. ಅದು ಫುಕುವೋಕಾ ವಿಶ್ವವಿದ್ಯಾಲಯದ ಹಿರೋಆಕಿ ತನಾಕಾ ಅವರು ಹೇಳಿಕೊಟ್ಟದ್ದು. ನಿಕೋ ನಿಕೋ ವೇಗ ಎಂದು ಹೆಸರು. ನಗುತ್ತಾ, ಮಾತಾಡುತ್ತಾ ಓಡಲು ಆಗಬೇಕು. ಹೆಜ್ಜೆ ಸಣ್ಣದು, ನಿಮಿಷಕ್ಕೆ ಸುಮಾರು 180. ಪಕ್ಕದಲ್ಲಿ ಬಿರುಸಾಗಿ ನಡೆಯುವವರು ನಿಮ್ಮನ್ನು ದಾಟಿ ಹೋಗಬಹುದು, ಹೋಗಲಿ. ಸಕ್ಕರೆಯ ಕಾರಣಕ್ಕೆ ಓಡುವ 43ರವರಿಗೆ ನಾನು ಕಣ್ಣುಮುಚ್ಚಿ ಹೇಳುವುದು ಇದನ್ನೇ. ಬೇರೆ ಬೇರೆ ದೇಶದವರು ಬೇರೆ ಬೇರೆ ದಾರಿಯಲ್ಲಿ ಇಲ್ಲಿಗೇ ಬಂದಿದ್ದಾರೆ. ನ್ಯೂಜಿಲೆಂಡಿನ ಕೋಚ್ ಆರ್ಥರ್ ಲಿಡಿಯಾರ್ಡ್ 1960ರ ದಶಕದ ಆರಂಭದಲ್ಲಿ ಆಕ್ಲೆಂಡಿನಲ್ಲಿ ಹೃದಯದ ತೊಂದರೆ ಇದ್ದವರನ್ನೂ ಸೇರಿಸಿ ಮಧ್ಯವಯಸ್ಸಿನವರ ಗುಂಪು ಕಟ್ಟಿ ಓಡಿಸಿದರು. ಅಮೆರಿಕದ ಕೋಚ್ ಬಿಲ್ ಬೋವರ್‌ಮನ್, ಮುಂದೆ ನೈಕಿ ಕಂಪೆನಿ ಕಟ್ಟಿದವರಲ್ಲಿ ಒಬ್ಬರು, ಅಲ್ಲಿಗೆ ಹೋಗಿ ಆ ಗುಂಪಿನ ಜೊತೆ ಓಡಿದಾಗ 70 ದಾಟಿದ ಮುದುಕರೊಬ್ಬರ ಸಮಕ್ಕೆ ಓಡಲಾಗದೆ ಹಿಂದೆ ಉಳಿದರಂತೆ. ಇವತ್ತು ನಾವು ಪೇಟೆಗಳಲ್ಲಿ ನೋಡುವ ಬೆಳಗಿನ ಜಾಗಿಂಗ್ ಆ ಗುಂಪಿನಿಂದ ಹಬ್ಬಿದ್ದು.

ದಕ್ಷಿಣ ಆಫ್ರಿಕಾದ ಕಾಮ್ರೇಡ್ಸ್ ಓಟ ನನಗೆ ತುಂಬ ಇಷ್ಟ. ಮೊದಲ ಮಹಾಯುದ್ಧದಲ್ಲಿ ಸತ್ತ ಸೈನಿಕರ ನೆನಪಿಗೆ 1921ರಲ್ಲಿ ಶುರುವಾದದ್ದು, ಆಗ ಓಡಿದವರು 34 ಮಂದಿ. ಡರ್ಬನ್ ಮತ್ತು ಪೀಟರ್‌ಮಾರಿಟ್ಸ್‌ಬರ್ಗ್ ನಡುವೆ 90 ಕಿಲೋಮೀಟರ್ ಆಸುಪಾಸು. ಕಪ್ಪು ಜನರಿಗೆ ಮತ್ತು ಹೆಂಗಸರಿಗೆ ಅಧಿಕೃತವಾಗಿ ಅವಕಾಶ ಸಿಕ್ಕಿದ್ದು 1975ರಲ್ಲಿ ಮಾತ್ರ. ಈಗ ಓಟ ಶುರುವಾಗುವ ಮೊದಲು ಸಾವಿರಾರು ಜನ ಒಟ್ಟಿಗೆ ಹಾಡುತ್ತಾರೆ. ದಾರಿಯಲ್ಲಿ "ಬಸ್ಸು"ಗಳಿರುತ್ತವೆ. ಎಂಜಿನ್ನಿನದ್ದಲ್ಲ, ಓಟಗಾರರ ಗುಂಪಿಗೆ ಆ ಹೆಸರು. ಅನುಭವ ಇದ್ದವರೊಬ್ಬರು "ಡ್ರೈವರ್". ಎಲ್ಲಿ ಓಡಬೇಕು, ಯಾವ ಚಡವಿನಲ್ಲಿ ನಡೆಯಬೇಕು ಎಂದು ಅವರೇ ಕೂಗಿ ಹೇಳುತ್ತಾರೆ, ಉಳಿದವರು ಹಿಂದೆ. 12 ಗಂಟೆ ಆದ ತಕ್ಷಣ ಒಬ್ಬ ಅಧಿಕಾರಿ ಗೆರೆಯ ಕಡೆ ಬೆನ್ನು ಹಾಕಿ ನಿಂತು ಗುಂಡು ಹಾರಿಸುತ್ತಾರೆ. ಬರುವವರ ಮುಖ ನೋಡಿದರೆ ಮನಸ್ಸು ಕರಗಬಹುದಲ್ಲ, ಅದಕ್ಕೆ.

ನಮ್ಮಲ್ಲಿ ಓಟ ಇರಲಿಲ್ಲವಾ ಎಂದು ಕೇಳಿದಿರಿ. ಪೈವಳಿಕೆ ನಿಮಗೆ ದೂರ ಏನಲ್ಲ. ಅಲ್ಲಿ ಕಂಬಳದ ಕರೆಯಲ್ಲಿ, ಅಂದರೆ ಕೆಸರಿನ ಓಟದ ಕಣದಲ್ಲಿ, ಕೋಣದ ಹಿಂದೆ ಓಡುವವರು ಓಟಗಾರರಲ್ಲದೆ ಮತ್ತೇನು? 2020ರ ಫೆಬ್ರವರಿಯಲ್ಲಿ ಐಕಳ ಕಂಬಳದಲ್ಲಿ ಮಿಜಾರಿನ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದರು. ಯಾರೋ ಅದನ್ನು 100 ಮೀಟರಿಗೆ ಭಾಗಿಸಿ 9.55 ಎಂದರು. ಉಸೇನ್ ಬೋಲ್ಟ್‌ನ ವಿಶ್ವದಾಖಲೆ 9.58ಕ್ಕೆ ಹೋಲಿಸಿ ದೇಶವಿಡೀ ಗೌಜಿ. ಟ್ರಯಲ್‌ಗೆ ಕರೆ ಬಂತು, ಅವರು ಹೋಗಲಿಲ್ಲ. ಸರಿಯೇ ಮಾಡಿದರು ಎಂದು ನನ್ನ ಅಭಿಪ್ರಾಯ. ಕಂಬಳದಲ್ಲಿ ಕೋಣ ಎಳೆಯುತ್ತದೆ, ಕಾಲ ಕೆಳಗೆ ಕೆಸರು ನೀರು, ಗಂತಿನಲ್ಲಿ (ಓಟ ಶುರುವಾಗುವ ಕಡೆ) ಬಿಡುವ ಕ್ರಮವೇ ಬೇರೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕಿದರೆ ಎರಡಕ್ಕೂ ಅನ್ಯಾಯ. ಅಲ್ಲಿಯೂ ನೋಡಿ, ಒಬ್ಬರ ಓಟ ಅಲ್ಲ ಅದು. ಕೋಣ ಸಾಕಿದವರು, ಕರೆಯಲ್ಲಿ ಬಿಡುವವರು, ಓಟ ಮುಗಿಯುವ ಮಂಜೊಟ್ಟಿಯಲ್ಲಿ ಹಿಡಿಯುವವರು, ಇಡೀ ಮನೆತನ ಹಿಂದೆ ಇರುತ್ತದೆ.

ಟಪಾಲಿನವರೂ ಓಡುತ್ತಿದ್ದರು. ಮೈಸೂರಿನ ಅಂಚೆ, ತಿರುವಾಂಕೂರಿನ ಅಂಚಲ್, ಬ್ರಿಟಿಷರ ಡಾಕ್, ಎಲ್ಲದಕ್ಕೂ ಓಟಗಾರರೇ ಆಧಾರ. ಗೆಜ್ಜೆ ಕಟ್ಟಿದ ಕೋಲು ಹಿಡಿದು ಒಂದು ಠಾಣೆಯಿಂದ ಇನ್ನೊಂದಕ್ಕೆ. ಪೆರುವಿನ ಇಂಕಾ ರಾಜರೂ ಚಾಸ್ಕಿ ಎಂಬ ಓಟಗಾರರನ್ನು ಇದೇ ಕ್ರಮದಲ್ಲಿ ಇಟ್ಟಿದ್ದರು.

ಈಗಲೂ ಇದೆ ಸ್ವಾಮಿ. ಬೆಳಗ್ಗೆ ಐದೂವರೆಗೆ ಪದವಿನ ಮೈದಾನಕ್ಕೆ ಹೋಗಿ ನೋಡಿ. ಸೈನ್ಯಕ್ಕೆ, ಪೊಲೀಸಿಗೆ ಸೇರಬೇಕೆಂದು ಓಡುವ ಹುಡುಗರು ಇರುತ್ತಾರೆ. ಸೈನ್ಯದ ಭರ್ತಿಯಲ್ಲಿ 1.6 ಕಿಲೋಮೀಟರನ್ನು ಐದೂವರೆ ನಿಮಿಷದೊಳಗೆ ಮುಗಿಸಿದರೆ ಪೂರ್ತಿ ಅಂಕ. ನಮ್ಮ ಕಡೆಯ ಓಟದ ದೊಡ್ಡ ಶಾಲೆ ಇದುವೇ. ಕೊರತೆ ಏನೆಂದರೆ, ನಮ್ಮಲ್ಲಿ ಓಟಕ್ಕೆ ಯಾವಾಗಲೂ ಒಂದು ಕಾರಣ ಬೇಕು. ಮೆಡಲು, ಗ್ರೇಸ್ ಮಾರ್ಕು, ಕೆಲಸ. ಕೆಲಸ ಸಿಕ್ಕಿದ ಮರುದಿನ ಓಟ ನಿಂತಿತು. ಕಾರಣ ಇಲ್ಲದೆ ಓಡುವ 43ರ ತೋಟದವರನ್ನು ಕಂಡರೆ ಜನ ಗಾಬರಿಯಾಗುವುದು ಸಹಜ. ಕೇಳಿದರೆ "ಸಕ್ಕರೆಗೆ" ಎಂದು ಹೇಳಿಬಿಡಿ. ಸಕ್ಕರೆ ಇಲ್ಲದ ಮನೆ ಈಗ ಎಲ್ಲಿದೆ? ಕೇಳಿದವರೇ ನಾಳೆ ಜೊತೆಗೆ ಬಂದರೂ ಬಂದಾರು.

ಮಗಳ ವಿಷಯ. 800 ಮೀಟರ್ ಅವಳು ಇವತ್ತು ಓಡುತ್ತಿರುವುದರ ಹಿಂದೆ ಒಂದು ಕಥೆ ಇದೆ, ಅವಳಿಗೆ ಹೇಳಿ. 1928ರ ಆಂಸ್ಟರ್‌ಡಾಂ ಒಲಿಂಪಿಕ್ಸ್‌ನಲ್ಲಿ ಮೊದಲ ಸಲ ಹೆಂಗಸರಿಗೆ 800 ಮೀಟರ್ ಇಟ್ಟರು. ಜರ್ಮನಿಯ ಲೀನಾ ರಾಡ್ಕೆ ಗೆದ್ದರು. ಓಟ ಮುಗಿದ ಮೇಲೆ ಕೆಲವರು ಸುಸ್ತಾಗಿ ನೆಲದಲ್ಲಿ ಕೂತರು, ಗಂಡಸರೂ ಕೂರುವ ಹಾಗೆ. ಪತ್ರಿಕೆಗಳು ಅದನ್ನು ಸಿಕ್ಕಾಪಟ್ಟೆ ಉಬ್ಬಿಸಿ ಬರೆದವು. ಇಷ್ಟು ದೂರ ಹೆಂಗಸರ ದೇಹಕ್ಕೆ ಆಗದು ಎಂದು ತೀರ್ಮಾನ ಆಯಿತು. ಆ ಓಟ ಮತ್ತೆ ಒಲಿಂಪಿಕ್ಸ್‌ಗೆ ಬಂದದ್ದು 1960ರಲ್ಲಿ. ಹೆಂಗಸರ ಮ್ಯಾರಥಾನ್ ಬಂದದ್ದು 1984ರಲ್ಲಿ, ಲಾಸ್ ಏಂಜಲೀಸ್‌ನಲ್ಲಿ. ಅದೇ ಕೂಟದಲ್ಲಿ ಪಯ್ಯೋಳಿಯ ಪಿ.ಟಿ. ಉಷಾ 400 ಮೀಟರ್ ಹರ್ಡಲ್ಸ್‌ನಲ್ಲಿ ಸೆಕೆಂಡಿನ ನೂರನೇ ಒಂದು ಪಾಲಿನಿಂದ ಕಂಚು ಕಳಕೊಂಡರು. ಆ ಓಟದಲ್ಲಿ ಚಿನ್ನ ಗೆದ್ದದ್ದು ಮೊರಾಕ್ಕೊದ ನವಾಲ್ ಎಲ್ ಮುತವಕ್ಕಿಲ್, ಒಲಿಂಪಿಕ್ ಚಿನ್ನ ಗೆದ್ದ ಮೊದಲ ಅರಬ್ ಮಹಿಳೆ. ಅವರು ಗೆದ್ದ ಮೇಲೆ ಮೊರಾಕ್ಕೊದ ಹುಡುಗಿಯರಿಗೆ ದಾರಿ ತೆರೆಯಿತು. ಉಷಾ ಓಡಿದ ಮೇಲೆ ಕೇರಳದ ಶಾಲೆ ಶಾಲೆಗಳಲ್ಲಿ ಹುಡುಗಿಯರು ಮೈದಾನಕ್ಕೆ ಇಳಿದರು.

ಒಂಬತ್ತನೇ ಕ್ಲಾಸಿನ ಹುಡುಗಿಗೆ ದಿನಾ ಹತ್ತು ಕಿಲೋಮೀಟರ್ ಓಡಿಸಬೇಡಿ. ವಾರಕ್ಕೆ ನಾಲ್ಕು ದಿನ ಸಾಕು. ಅದರಲ್ಲಿ ಎರಡು ದಿನ ಮಾತ್ರ ಮಾಸ್ಟ್ರು ಹೇಳಿದ ಜೋರಿನ ಓಟ, ಉಳಿದ ದಿನ ಹರಟೆ ಹೊಡೆಯುತ್ತಾ ಓಡಲಿ. ನಿದ್ದೆ ಎಂಟು ಗಂಟೆಗೆ ಕಡಿಮೆ ಆಗಬಾರದು, ಟ್ಯೂಶನ್ ಇರಲಿ ಏನೇ ಇರಲಿ. ಮುಟ್ಟು ಶುರುವಾದ ಮೇಲೆ ಓಡುವ ಹುಡುಗಿಯರಲ್ಲಿ ರಕ್ತಹೀನತೆ ತುಂಬ ಸಾಮಾನ್ಯ. ವೇಗ ಸುಮ್ಮನೆ ಇಳಿಯುತ್ತಾ ಬಂದರೆ ಬೈಯುವ ಮೊದಲು ಹಿಮೋಗ್ಲೋಬಿನ್ ನೋಡಿಸಿ. ಮುಟ್ಟು ತಿಂಗಳುಗಟ್ಟಲೆ ನಿಂತರೆ ಅದು ಊಟ ಸಾಲುತ್ತಿಲ್ಲ ಎಂಬ ಸೂಚನೆ ಇರಬಹುದು, ಡಾಕ್ಟ್ರ ಹತ್ತಿರ ಹೋಗಲೇಬೇಕು. ಅವಳ ಕ್ಲಾಸಿನ ಇನ್ನೂ ಇಬ್ಬರು ಹುಡುಗಿಯರ ಮನೆಯವರ ಹತ್ತಿರ ನೀವೇ ಹೋಗಿ ಮಾತಾಡಿ. ಮೂವರು ಒಟ್ಟಿಗೆ ಓಡಿದರೆ ದಾರಿಯಲ್ಲಿ ಕಮೆಂಟು ಹೊಡೆಯುವವರ ಬಾಯಿಯೂ ಸ್ವಲ್ಪ ಮುಚ್ಚುತ್ತದೆ.

ನಿಮಗೆ: ವಾರಕ್ಕೆ ನಾಲ್ಕು ದಿನ, ಅರ್ಧರ್ಧ ಗಂಟೆ, ಪೂರ್ತಿ ವಾಕ್ಯ ಮಾತಾಡಲು ಆಗುವ ವೇಗ. ಚಡವಿನಲ್ಲಿ ನಡೆಯಿರಿ. ಸಕ್ಕರೆಗೆ ಮಾತ್ರೆ ಶುರು ಮಾಡಿದ್ದರೆ ಓಡುವುದಾಗಿ ಡಾಕ್ಟ್ರಿಗೆ ತಿಳಿಸಿ. ಎದೆ ಬಿಗಿಯುವುದು, ತಲೆ ತಿರುಗುವುದು ಆದರೆ ಆ ದಿನವೇ ನಿಲ್ಲಿಸಿ ತೋರಿಸಿ. ನಮ್ಮ ಕಡೆ ಬಿಸಿಲಿಗಿಂತ ಕಷ್ಟ ಕೊಡುವುದು ಗಾಳಿಯಲ್ಲಿರುವ ತೇವ. ಬೆವರು ಬರುತ್ತದೆ, ಆರುವುದಿಲ್ಲ, ಮೈ ತಣಿಯುವುದಿಲ್ಲ. ಏಪ್ರಿಲ್, ಮೇಯಲ್ಲಿ ಆರೂವರೆಗೆ ಮನೆಗೆ ಮರಳಿರಬೇಕು, ವೇಗ ಇನ್ನೂ ಕಡಿಮೆ. ಬಂದು ಉಪ್ಪು ಹಾಕಿದ ಗಂಜಿತಿಳಿ ಕುಡಿದರೆ ಧಾರಾಳ ಸಾಕು, ಬಣ್ಣದ ನೀರಿನ ಬಾಟ್ಲಿ ಬೇಡ. ಮಳೆಗಾಲದಲ್ಲಿ ಪಾದೆಕಲ್ಲಿನ ಮೇಲೆ ಪಾಚಿ, ಅಲ್ಲಿ ಓಡಲೇಬೇಡಿ. ಡಾಮರು ರಸ್ತೆಯ ಬಲಬದಿಯಲ್ಲಿ, ಎದುರಿನ ವಾಹನ ಕಾಣುವ ಹಾಗೆ ಓಡಿ. ಒದ್ದೆ ಶೂ ಒಳಗೆ ಹಳೆ ಪೇಪರ್ ತುರುಕಿ ಇಟ್ಟರೆ ಮರುದಿನಕ್ಕೆ ಹೆಚ್ಚುಕಡಿಮೆ ಒಣಗುತ್ತದೆ. ನಾಯಿ ಬೊಗಳುತ್ತಾ ಬಂದರೆ ಓಟ ನಿಲ್ಲಿಸಿ ನಡೆಯಿರಿ, ಓಡಿದಷ್ಟೂ ಅದು ಅಟ್ಟಿಸಿಕೊಂಡು ಬರುತ್ತದೆ.

ಜೊತೆಗೆ ಯಾರನ್ನು ಕರೆಯಲಿ ಎಂದು ಯೋಚಿಸುತ್ತಿದ್ದರೆ, 2004ರ ಅಕ್ಟೋಬರಿನಲ್ಲಿ ಲಂಡನ್ನಿನ ಬುಶಿ ಪಾರ್ಕಿನಲ್ಲಿ ಪಾರ್ಕ್‌ರನ್ ಎಂಬ ಓಟ ಶುರುವಾದಾಗ ಬಂದವರು 13 ಮಂದಿ. ಶನಿವಾರ ಬೆಳಗ್ಗೆ, ಐದು ಕಿಲೋಮೀಟರ್, ಫೀಸಿಲ್ಲ. ನಡೆದರೂ ಆಯಿತು. ಈಗ ಅದು ಇಪ್ಪತ್ತಕ್ಕೂ ಜಾಸ್ತಿ ದೇಶಗಳಲ್ಲಿ ನಡೆಯುತ್ತಿದೆ. ನಿಮ್ಮಲ್ಲಿ ಭಾನುವಾರ ಇಟ್ಟುಕೊಳ್ಳಿ. ಶಾಲೆಯ ಹೆಡ್‌ಮಾಸ್ಟ್ರ ಹತ್ತಿರ ಮೈದಾನಕ್ಕೆ ಅನುಮತಿ ಕೇಳಿ, ಹಾಲಿನ ಸೊಸೈಟಿಯ ಗೋಡೆಗೆ ಒಂದು ಚೀಟಿ ಅಂಟಿಸಿ. ಸಮಯ ಆರು ಗಂಟೆ ಎಂದು ಬರೆಯಿರಿ. ಆರೂಕಾಲಕ್ಕೆ ಬರುತ್ತಾರೆ.